ಸ್ತ್ರೀಯರ ಸಂಕೋಚವೂ ಪ್ರಶ್ನಾವಳಿಯ ಅಂಕವೂ

ಹೆಂಗಸರಿಗೆ ತಡೆಯಲಾರದೆ ಮೂತ್ರ ಸೋರಿಹೋಗುವ ಬಾಧೆಯನ್ನು ಕುರಿತು ದಿನಪತ್ರಿಕೆಯಲ್ಲಿ ಬರೆಯುವುದು ಸಭ್ಯತೆಗೆ ಒಪ್ಪುವ ಮಾತೇ ಎಂದು ನಮ್ಮ ವಾಚಕರಲ್ಲಿ ಕೆಲವರು ಹುಬ್ಬುಗಂಟಿಕ್ಕಬಹುದು. ಬೆಳಗಿನ ಕಾಫಿಯ ಹೊತ್ತಿಗೆ ಓದತಕ್ಕ ವಿಷಯವೇ ಇದು ಎಂದು ಮತ್ತೆ ಕೆಲವರು ಪುಟ ಮಗುಚಬಹುದು. ಮಗುಚುವ ಮುನ್ನ ಒಂದು ಮಾತನ್ನು ಅವರು ಕೇಳಬೇಕೆಂದು ಬಿನ್ನವಿಸುತ್ತೇವೆ. ಕೆಮ್ಮಿದಾಗ, ಸೀನಿದಾಗ, ತುಂಬಿದ ಕೊಡವನ್ನು ಎತ್ತಿದಾಗ ಸೀರೆ ಒದ್ದೆಯಾಗುವುದನ್ನು ಹತ್ತಾರು ವರ್ಷಗಳಿಂದ ಯಾರಿಗೂ ಹೇಳದೆ ಸಹಿಸಿಕೊಂಡು ಬಂದಿರುವ ತಾಯಂದಿರೂ ಅತ್ತಿಗೆಯರೂ ಅಕ್ಕಂದಿರೂ ನಮ್ಮ ನಿಮ್ಮೆಲ್ಲರ ಮನೆಗಳಲ್ಲಿ ಇರುವರು. ಹೇಳದಿರುವುದರಿಂದಲೇ ಅವರು ಇಲ್ಲವೆಂದು ನಾವು ತಿಳಿದುಕೊಂಡಿದ್ದೇವೆ.

ಈ ಬಾಧೆಯನ್ನು ಅಳೆಯುವುದಕ್ಕೆ ವೈದ್ಯಲೋಕದಲ್ಲಿ ಪ್ರಶ್ನಾವಳಿಯೆಂಬ ಕಾಗದವು ಬಳಕೆಗೆ ಬಂದು ಬಹಳ ಕಾಲವಾಯಿತು. ರೋಗಿಯು ನಾಲ್ಕಾರು ಪ್ರಶ್ನೆಗಳಿಗೆ ಉತ್ತರ ಕೊಡುವಳು, ಉತ್ತರಗಳಿಗೆ ಅಂಕಗಳಿರುವುವು, ಅಂಕಗಳನ್ನು ಕೂಡಿಸಿದರೆ ಬಾಧೆ ಎಷ್ಟೆಂಬುದು ತಿಳಿಯುವುದೆಂದು ಏರ್ಪಾಟು. ಆ ಮೊತ್ತವು ವ್ಯಾಯಾಮ ಸಾಕೇ, ಮಾತ್ರೆ ಬೇಕೇ, ಹೆಚ್ಚಿನ ಪರೀಕ್ಷೆ ಮಾಡಬೇಕೇ ಎಂಬ ನಿರ್ಣಯಕ್ಕೆ ಸಹಾಯವಾಗುತ್ತದೆ. ಇಂಥ ಕಾಗದಗಳ ಮೊತ್ತದಿಂದಲೇ ದೇಶದಲ್ಲಿ ಇಷ್ಟು ಮಂದಿ ಸ್ತ್ರೀಯರಿಗೆ ಈ ತೊಂದರೆಯಿದೆಯೆಂಬ ಲೆಕ್ಕವೂ ಹೊರಡುತ್ತದೆ. ಹೀಗಿರುವಾಗ ಆ ಕಾಗದವು ಅಳೆಯಬೇಕಾದುದನ್ನೇ ಅಳೆಯುತ್ತಿದೆಯೇ ಎಂಬುದು ವೈದ್ಯರಿಗೆ ಮಾತ್ರ ಬಿಟ್ಟ ವಿಚಾರವೆಂದು ನಮಗೆ ತೋರುವುದಿಲ್ಲ. ನಾವು ವೈದ್ಯರಲ್ಲ. ಎಸ್.ಎಸ್.ಎಲ್.ಸಿ.ಯವರೆಗೆ ಓದಿ, ಹೋಟೆಲಿನ ಗಲ್ಲಾದ ಮೇಲೆ ಹಲವು ವರ್ಷ ಕುಳಿತು, ತರುವಾಯ ಲೇಖನಿ ಹಿಡಿದವರು. ಆದರೂ ಜನರನ್ನು ಕೇಳಿ ನಿಜವಾದ ಉತ್ತರವನ್ನು ಪಡೆಯುವುದು ಎಷ್ಟು ಕಷ್ಟವೆಂಬುದನ್ನು ಗಲ್ಲಾದ ಮೇಲೆ ಕುಳಿತವನು ಸ್ವಲ್ಪ ಬಲ್ಲ.

ಮೊದಲು ಆ ಕಾಗದದ ಸ್ವರೂಪವನ್ನು ನೋಡೋಣ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿದ್ವಾಂಸರು ಸಿದ್ಧಪಡಿಸಿ 2004ರಲ್ಲಿ ಪ್ರಕಟಿಸಿದ ಐ.ಸಿ.ಐ.ಕ್ಯೂ. ಎಂಬ ಪ್ರಶ್ನಾವಳಿಯ ಸಂಕ್ಷಿಪ್ತ ರೂಪವು ಈಗ ಅನೇಕ ದೇಶಗಳಲ್ಲಿ, ಅನೇಕ ಭಾಷೆಗಳಲ್ಲಿ ನಡೆಯುತ್ತಿದೆ. ಕಳೆದ ನಾಲ್ಕು ವಾರಗಳನ್ನು ನೆನೆದು ಉತ್ತರಿಸಬೇಕು. ಎಷ್ಟು ಸಲ ಸೋರುತ್ತದೆ ಎಂಬುದಕ್ಕೆ 0ಯಿಂದ 5ರವರೆಗೆ ಅಂಕ. ಎಷ್ಟು ಸೋರುತ್ತದೆ ಎಂಬುದಕ್ಕೆ ಇಲ್ಲವೆಂದರೆ 0, ಸ್ವಲ್ಪವೆಂದರೆ 2, ಸಾಧಾರಣವೆಂದರೆ 4, ಬಹಳವೆಂದರೆ 6. ಇದರಿಂದ ನಿತ್ಯಜೀವನಕ್ಕೆ ಎಷ್ಟು ಅಡ್ಡಿಯಾಗಿದೆ ಎಂಬುದಕ್ಕೆ 0ಯಿಂದ 10ರವರೆಗೆ. ಒಟ್ಟು 21. ನಾಲ್ಕನೆಯ ಪ್ರಶ್ನೆಗೆ ಅಂಕವಿಲ್ಲ. ಯಾವಾಗ ಸೋರುತ್ತದೆ, ಕೆಮ್ಮುವಾಗಲೋ, ಶೌಚಾಲಯಕ್ಕೆ ಮುಟ್ಟುವುದರೊಳಗೋ, ನಿದ್ರೆಯಲ್ಲೋ, ಸದಾಕಾಲವೋ ಎಂದು ಗುರುತು ಹಾಕಿದರೆ ತೀರಿತು. ಎರಡು ಮೂರು ನಿಮಿಷದ ಕೆಲಸ. ಕಾಗದಕ್ಕೆ ಎಷ್ಟು ಖರ್ಚೋ ಪರೀಕ್ಷೆಗೂ ಅಷ್ಟೇ ಖರ್ಚು.

ಇದನ್ನು ಬಿಟ್ಟರೆ ಬೇರೆ ಅಳತೆ ಇಲ್ಲವೇ ಎಂದು ಕೇಳಬಹುದು, ಉಂಟು. ತೂಕದ ಪರೀಕ್ಷೆಯೆಂಬುದೊಂದಿದೆ. ಒಣಗಿದ ಮೆತ್ತೆಯೊಂದನ್ನು ತೂಗಿ ರೋಗಿಗೆ ಧರಿಸಲು ಕೊಟ್ಟು, ಅರ್ಧ ಲೀಟರು ನೀರು ಕುಡಿಸಿ, ಅರ್ಧ ಗಂಟೆ ನಡೆಸಿ, ಮೆಟ್ಟಿಲು ಹತ್ತಿ ಇಳಿಸಿ, ಹತ್ತು ಬಾರಿ ಕುಳಿತು ಏಳಿಸಿ, ಹತ್ತು ಬಾರಿ ಕೆಮ್ಮಿಸಿ, ನಿಂತಲ್ಲಿಯೇ ಒಂದು ನಿಮಿಷ ಓಡಿಸಿ, ನೆಲದ ಮೇಲಿನ ಸಣ್ಣ ವಸ್ತುವನ್ನು ಐದು ಬಾರಿ ಬಗ್ಗಿ ಎತ್ತಿಸಿ, ಹರಿಯುವ ನೀರಿನಲ್ಲಿ ಒಂದು ನಿಮಿಷ ಕೈ ತೊಳೆಸಿ, ಗಂಟೆ ತುಂಬಿದ ಮೇಲೆ ಮೆತ್ತೆಯನ್ನು ಮತ್ತೆ ತೂಗುವರು. ಒಂದು ಗ್ರಾಮಿಗಿಂತ ಹೆಚ್ಚಾಗಿದ್ದರೆ ಸೋರಿಕೆಯಿದೆಯೆಂದು ಲೆಕ್ಕ. ನಳದ ಸದ್ದಿಗೂ ತಣ್ಣೀರಿನ ಸ್ಪರ್ಶಕ್ಕೂ ತಡೆಯಲಾರದ ಅವಸರ ಹುಟ್ಟುವವರಿರುವುದರಿಂದ ಆ ಕೈತೊಳೆಯುವ ಅಂಗವನ್ನು ಸೇರಿಸಿದ್ದಾರೆ. ಇಡೀ ದಿನದ ತೂಕದ ಪರೀಕ್ಷೆಯೂ ಉಂಟು. ಮೂತ್ರಕೋಶದೊಳಗೆ ನಳಿಕೆಯಿಟ್ಟು ಒತ್ತಡವನ್ನು ಅಳೆಯುವ ಯಂತ್ರವೂ ಉಂಟು. ನೆಂಟರಿಷ್ಟರ ಮುಂದೆ ಕೆಮ್ಮುವುದಕ್ಕೂ ಅಂಜುವ ನಮ್ಮ ಹೆಂಗಸರಲ್ಲಿ ಎಷ್ಟು ಮಂದಿ ಇವಕ್ಕೆ ಒಪ್ಪಿಯಾರು? ನೂರಾರು ಮಂದಿಯನ್ನು ಹಳ್ಳಿಯಲ್ಲೋ ವಠಾರದಲ್ಲೋ ಪರೀಕ್ಷಿಸಬೇಕಾದಾಗ ಪ್ರಶ್ನಾವಳಿಯೇ ಗತಿ.

ಆದುದರಿಂದ ಕಾಗದವನ್ನು ಹಳಿಯುವವರೊಡನೆ ನಾವು ದನಿಗೂಡಿಸಲಾರೆವು. ತಕ್ಕಡಿಯ ಎದುರಿಗೆ ನಿಲ್ಲಿಸಿ ನೋಡಿದಾಗ ಅದು ಅನೇಕರು ಊಹಿಸುವುದಕ್ಕಿಂತ ಚೆನ್ನಾಗಿಯೇ ನಿಂತಿದೆ. ನಾರ್ವೆ ದೇಶದ ಸಾಂಡ್ವಿಕ್ ಎಂಬ ವೈದ್ಯರೂ ಅವರ ಸಂಗಡಿಗರೂ 1993ರಲ್ಲಿ ಎರಡೇ ಪ್ರಶ್ನೆಗಳ ಒಂದು ಅಳತೆಯನ್ನು ಪ್ರಕಟಿಸಿದರು: ಎಷ್ಟು ಬಾರಿ, ಎಷ್ಟು. ಒಂದರ ಅಂಕವನ್ನು ಇನ್ನೊಂದರಿಂದ ಗುಣಿಸಿದರೆ ಮುಗಿಯಿತು. 2000ದಲ್ಲಿ ಅದನ್ನು ಮೆತ್ತೆಯ ತೂಕದೊಡನೆ ಹೋಲಿಸಿ ನೋಡಿದಾಗ, ಅಲ್ಪಬಾಧೆಯವರೆಂದು ಪ್ರಶ್ನೆಗಳು ತಿಳಿಸಿದವರಲ್ಲಿ ಸರಾಸರಿ ದಿನಕ್ಕೆ 6 ಗ್ರಾಂ, ಮಧ್ಯಮರಲ್ಲಿ 17 ಗ್ರಾಂ, ತೀವ್ರಬಾಧೆಯವರಲ್ಲಿ 56 ಗ್ರಾಂ ಕಂಡುಬಂದಿತು. ಎರಡು ಪ್ರಶ್ನೆಗಳಿಂದ ಇಷ್ಟು ತಿಳಿಯುವುದಾದರೆ ಅದು ಸಣ್ಣ ಸಾಧನೆಯಲ್ಲ. ಆದರೆ ಇದು ಸರಾಸರಿಯ ಮಾತು. ನೂರು ಮಂದಿಯ ಸರಾಸರಿಯು ಎದುರಿಗೆ ಕುಳಿತಿರುವ ಒಬ್ಬಳ ಕತೆಯಾಗುವುದಿಲ್ಲ. ತಿಂಗಳ ಲೆಕ್ಕದಲ್ಲಿ ಒಂದು ಸೇರು ಅಕ್ಕಿಗೆ ಇಷ್ಟು ಊಟವೆಂದು ಕಟ್ಟಿದ ಲೆಕ್ಕವು ಸರಿಯಾಗಿಯೇ ಇರಬಹುದು. ಹಾಗೆಂದು ಈ ಎಲೆಯ ಮುಂದೆ ಕುಳಿತವನು ಎಷ್ಟು ಉಣ್ಣುವನೆಂದು ಅದರಿಂದ ಹೇಳಲು ಬರುವುದೇ?

ಎಷ್ಟು ಎಂಬುದಕ್ಕಿಂತ ಯಾವ ಬಗೆ ಎಂಬುದರಲ್ಲಿ ಕಾಗದವು ಇನ್ನೂ ಹೆಚ್ಚು ತಡವರಿಸುತ್ತದೆ. ಈ ಬಾಧೆಯಲ್ಲಿ ಮುಖ್ಯವಾಗಿ ಎರಡು ಬಗೆ. ಕೆಮ್ಮು, ಸೀನು, ನಗೆ, ಭಾರ ಎತ್ತುವಿಕೆಗಳಿಂದ ಹೊಟ್ಟೆಯ ಮೇಲೆ ಬಿದ್ದ ಒತ್ತನ್ನು ಕೆಳಗಿನ ಸ್ನಾಯುಗಳು ತಡೆಯಲಾರದೆ ಸೋರುವುದು ಒಂದು. ಇದ್ದಕ್ಕಿದ್ದಂತೆ ಅವಸರವಾಗಿ ಬಾಗಿಲು ಮುಟ್ಟುವುದರೊಳಗೆ ಆಗಿಹೋಗುವುದು ಇನ್ನೊಂದು. ಎರಡೂ ಕೂಡಿರುವುದೂ ಉಂಟು. ಮೊದಲನೆಯದಕ್ಕೆ ಸ್ನಾಯುಗಳ ವ್ಯಾಯಾಮ. ಅದು ಸಾಲದಿದ್ದರೆ ಶಸ್ತ್ರಚಿಕಿತ್ಸೆ. ಎರಡನೆಯದಕ್ಕೆ ಮೂತ್ರಕೋಶವನ್ನು ಪಳಗಿಸುವ ಅಭ್ಯಾಸ, ಔಷಧಿ. ಒಂದರ ಮದ್ದೆಲ್ಲವೂ ಇನ್ನೊಂದಕ್ಕೆ ನಾಟುವುದಿಲ್ಲ. ಕೆಮ್ಮಿನ ಸೋರಿಕೆಗಾಗಿ ಮಾಡುವ ಶಸ್ತ್ರಕ್ರಿಯೆಯನ್ನು ಬರಿಯ ಅವಸರದವಳಿಗೆ ಮಾಡಿದರೆ ಹಣವೂ ಹೋಯಿತು, ನೋವೂ ಉಳಿಯಿತು. ಅಮೆರಿಕದಲ್ಲಿ ಈ ಬಗೆಯನ್ನು ಗುರುತಿಸಲು ಮೂರೇ ಪ್ರಶ್ನೆಗಳ ಕಾಗದವೊಂದನ್ನು ಮಾಡಿ, 301 ಮಂದಿ ಸ್ತ್ರೀಯರ ಉತ್ತರಗಳನ್ನು ತಜ್ಞರ ಪೂರ್ಣ ಪರೀಕ್ಷೆಯೊಡನೆ ಹೋಲಿಸಿ 2006ರಲ್ಲಿ ಪ್ರಕಟಿಸಿದರು. ಅವಸರದ ಬಗೆಯವರು ನೂರು ಮಂದಿಯಿದ್ದರೆ ಕಾಗದವು 75 ಮಂದಿಯನ್ನು ಹಿಡಿಯಿತು. ಆ ಬಗೆಯಲ್ಲದವರು ನೂರು ಮಂದಿಯಿದ್ದರೆ 23 ಮಂದಿಯನ್ನು ತಪ್ಪಾಗಿ ಆ ಗುಂಪಿಗೆ ಸೇರಿಸಿತು. ಕೆಮ್ಮಿನ ಬಗೆಯವರಲ್ಲಿ ನೂರಕ್ಕೆ 86 ಮಂದಿಯನ್ನು ಹಿಡಿಯಿತಾದರೂ, ಅಲ್ಲದವರಲ್ಲಿ ನೂರಕ್ಕೆ 40 ಮಂದಿಯ ಮೇಲೆ ಅದೇ ಚೀಟಿ ಅಂಟಿಸಿತು. ವ್ಯಾಯಾಮವನ್ನೋ ಅಭ್ಯಾಸವನ್ನೋ ಆರಂಭಿಸುವುದಕ್ಕೆ ಇಷ್ಟು ನಂಬಿಕೆ ಸಾಕು. ಕತ್ತಿ ಹಿಡಿಯುವುದಕ್ಕೆ ಸಾಲದು.

ಇನ್ನು ಊರ ಲೆಕ್ಕದ ಮಾತು. ಈ ಬಾಧೆಯುಳ್ಳವರು ನೂರಕ್ಕೆ ಎಷ್ಟು ಮಂದಿ ಎಂಬುದಕ್ಕೆ ಲೋಕದಲ್ಲಿ ಒಂದೇ ಉತ್ತರವಿಲ್ಲದಿರುವುದಕ್ಕೆ ಪ್ರಶ್ನೆಯೇ ಕಾರಣ. ನಾರ್ವೆಯ ಒಂದು ಜಿಲ್ಲೆಯಲ್ಲಿ 1995ರಿಂದ 1997ರವರೆಗೆ 27,936 ಸ್ತ್ರೀಯರನ್ನು ಕೇಳಿದಾಗ ನೂರಕ್ಕೆ 25 ಮಂದಿ ಸೋರಿಕೆಯಿದೆಯೆಂದರು. ಅದೇ ಸ್ತ್ರೀಯರ ಅದೇ ಉತ್ತರಗಳಲ್ಲಿ, ತೊಂದರೆಯೆಂದು ಎಣಿಸತಕ್ಕಷ್ಟು ಇರುವವರು ಎಷ್ಟೆಂದು ಸೋಸಿದಾಗ ಉಳಿದವರು ಸುಮಾರು 7. ಯಾವ ಸಂಖ್ಯೆಯನ್ನು ಪತ್ರಿಕೆಯ ತಲೆಬರಹಕ್ಕೆ ಹಾಕುವಿರಿ? ನಮ್ಮ ದೇಶದ ಲಖನೌ ಆಸ್ಪತ್ರೆಯಲ್ಲಿ 3,000 ಸ್ತ್ರೀಯರನ್ನು ಕೇಳಿ 2013ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ನೂರಕ್ಕೆ 21.8 ಮಂದಿಗೆ ಈ ಬಾಧೆಯಿತ್ತು. ಲಕ್ಷಣವಾಕ್ಯವೂ ಕಾಲಕ್ಕೆ ತಕ್ಕಂತೆ ತಿರುಗಿದೆ. ಈ ಬಾಧೆಯನ್ನು ಕುರಿತ ಅಂತರರಾಷ್ಟ್ರೀಯ ವೈದ್ಯಸಂಘವು ಹಿಂದೆ, ಸೋರಿಕೆಯು ಕಣ್ಣಿಗೆ ಕಾಣುವಂತೆ ತೋರಿಸಿಕೊಡತಕ್ಕದ್ದಾಗಿರಬೇಕು, ಸಾಮಾಜಿಕವಾಗಿಯೋ ಶುಚಿತ್ವದ ದೃಷ್ಟಿಯಿಂದಲೋ ತೊಂದರೆಯಾಗಿರಬೇಕು ಎಂದು ವಿಧಿಸಿತ್ತು. 2002ರಲ್ಲಿ, ಇಚ್ಛೆಯಿಲ್ಲದೆ ಮೂತ್ರ ಸೋರುತ್ತದೆಂಬ ದೂರೇ ಸಾಕು ಎಂದು ಬದಲಾಯಿಸಿತು. ವೈದ್ಯನ ಕಣ್ಣಿಗಿಂತ ಸ್ತ್ರೀಯ ಮಾತಿಗೆ ಹೆಚ್ಚಿನ ಬೆಲೆ ಬಂದಂತಾಯಿತು. ಇದು ಸ್ತುತ್ಯವಾದ ಬದಲಾವಣೆಯೆಂದೇ ನಮ್ಮ ಅಭಿಪ್ರಾಯ. ಆದರೆ ಆಕೆ ಮಾತನ್ನೇ ಆಡದಿದ್ದರೆ?

ಹೋಟೆಲಿನಲ್ಲಿ ದೂರಿನ ಪುಸ್ತಕವೆಂದೊಂದು ಇಡುವ ರೂಢಿಯನ್ನು ವಾಚಕರು ಬಲ್ಲರು. ಗಲ್ಲಾದ ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲಿನೊಡನೆ ಅದು ತೂಗಾಡುತ್ತಿರುತ್ತದೆ. ಪುಸ್ತಕ ಖಾಲಿಯಿದ್ದರೆ ಸಾಂಬಾರು ಚೆನ್ನಾಗಿದೆಯೆಂದು ಹೊಸ ಮಾಲಿಕನು ಹಿಗ್ಗುವನು. ಅನುಭವಿಯಾದವನು ಎಲೆಯಲ್ಲಿ ಉಳಿದುದನ್ನು ನೋಡುವನು. ಸಾಂಬಾರು ಸೇರದ ಗಿರಾಕಿಯು ಪುಸ್ತಕದಲ್ಲಿ ಬರೆಯುವುದಿಲ್ಲ. ಸಾಂಬಾರು ಹಾಕಿಸಿಕೊಳ್ಳದೆ ಚಟ್ನಿಯಲ್ಲೇ ಇಡ್ಲಿ ಮುಗಿಸಿ ಎದ್ದು ಹೋಗುವನು. ಈ ಪ್ರಶ್ನಾವಳಿಯ ಮೂರನೆಯ ಪ್ರಶ್ನೆ, ಅಂದರೆ ನಿತ್ಯಜೀವನಕ್ಕೆ ಎಷ್ಟು ಅಡ್ಡಿ ಎಂಬುದು, ದೂರಿನ ಪುಸ್ತಕದಂತೆಯೇ ಕೆಲಸ ಮಾಡುತ್ತದೆಂದು ನಮಗೆ ತೋರುತ್ತದೆ. 21 ಅಂಕಗಳಲ್ಲಿ 10 ಅದೊಂದಕ್ಕೇ ಮೀಸಲು. ಅಲ್ಲಿ ತಪ್ಪಿದರೆ ಮೊತ್ತವೇ ತಪ್ಪಿತು.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಐವತ್ತೈದರ ಗೃಹಿಣಿಯೊಬ್ಬಳಿಗೆ ದಿನಕ್ಕೊಮ್ಮೆ ಸ್ವಲ್ಪ ಸೋರುತ್ತದೆ. ಆಕೆ ಹತ್ತು ವರ್ಷಗಳಿಂದ ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟಿದ್ದಾಳೆ, ಊರಿಗೆ ಬಸ್ಸು ಹತ್ತುವುದನ್ನು ಬಿಟ್ಟಿದ್ದಾಳೆ, ದೇವಸ್ಥಾನದಲ್ಲಿ ಪ್ರದಕ್ಷಿಣೆಯನ್ನೂ ಬಿಟ್ಟಿದ್ದಾಳೆ. ನಿತ್ಯಜೀವನಕ್ಕೆ ಅಡ್ಡಿಯೇನಾದರೂ ಉಂಟೇ ಎಂದರೆ, ಏನೂ ಇಲ್ಲ ಎನ್ನುವಳು. ಸುಳ್ಳಲ್ಲ, ಉಳಿದಿರುವ ಜೀವನಕ್ಕೆ ಅಡ್ಡಿಯಿಲ್ಲ. ಅವಳ ಮೊತ್ತ 3, 2, 0 ಸೇರಿ 5. ಬ್ಯಾಂಕಿನಲ್ಲಿ ಕೆಲಸ ಮಾಡುವ ಮೂವತ್ತೈದರ ತರುಣಿಗೆ ವಾರಕ್ಕೊಮ್ಮೆ ಅಷ್ಟೇ ಸ್ವಲ್ಪ. ಸಹೋದ್ಯೋಗಿಗಳ ನಡುವೆ ಮಾನ ಹೋದೀತೆಂದು ಆಕೆ ತಲ್ಲಣಿಸುತ್ತಾಳೆ. ಅಡ್ಡಿಗೆ 8 ಬರೆಯುತ್ತಾಳೆ. ಮೊತ್ತ 1, 2, 8 ಸೇರಿ 11. 2009ರಲ್ಲಿ ನಾರ್ವೆಯವರು ಮಾಡಿದ ವಿಂಗಡಣೆಯಂತೆ 1ರಿಂದ 5 ಅಲ್ಪ, 6ರಿಂದ 12 ಮಧ್ಯಮ, 13ರಿಂದ 18 ತೀವ್ರ, ಅದಕ್ಕೆ ಮೇಲ್ಪಟ್ಟುದು ಅತಿತೀವ್ರ. ಹಿರಿಯಳು ಅಲ್ಪದಲ್ಲಿ ಕುಳಿತಳು, ಕಿರಿಯಳು ಮಧ್ಯಮದಲ್ಲಿ. ತರುಣಿಯ ತಲ್ಲಣವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಅದನ್ನು ಎಣಿಸಿದ್ದು ನ್ಯಾಯವೇ. ಹಿರಿಯಳು ಬಿಟ್ಟುಕೊಟ್ಟುದನ್ನು ಎಣಿಸುವ ಸ್ಥಳ ಆ ಕಾಗದದಲ್ಲಿ ಇಲ್ಲವೆಂಬುದಷ್ಟೇ ನಮ್ಮ ದೂರು.

ಇದಕ್ಕಿಂತ ವಿಚಿತ್ರವಾದ ಸಂದರ್ಭವೂ ಇದೆ. ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯುವ, ತರಕಾರಿ ಹೆಚ್ಚುವ, ಹಿಟ್ಟಿನ ಕೊಳಗ ಎತ್ತುವ ಹೆಂಗಸರನ್ನು ನಾವು ಬಹುಕಾಲ ನೋಡಿದ್ದೇವೆ. ಎಷ್ಟೋ ಕಡೆ ಇರುವುದು ಒಂದೇ ಶೌಚಾಲಯ, ಅದೂ ಗಿರಾಕಿಗಳ ಸಾಲಿನ ಆಚೆ. ಆ ಸಾಲಿನ ನಡುವೆ ಹಾದುಹೋಗಲು ನಾಚಿ ಬೆಳಗಿನ ಚಹಾದ ಮೇಲೆ ಸಂಜೆಯವರೆಗೆ ಗುಟುಕು ನೀರನ್ನೂ ಕುಡಿಯದವರಿರುವರು. ಹೈದರಾಬಾದಿನ ಮೇ ತಿಂಗಳಿನಲ್ಲಿ, ಒಲೆಯ ಕಾವಿನಲ್ಲಿ, ನೀರಿಲ್ಲದೆ! ಇಂಥವಳನ್ನು ಸೋರುತ್ತದೆಯೇ ಎಂದು ಕೇಳಿದರೆ ಇಲ್ಲವೆನ್ನುವಳು, ಕುಡಿಯದಿರುವಾಗ ಸೋರುವುದೇನು? ಮೊತ್ತ 0. ಕಾಗದದ ದೃಷ್ಟಿಯಲ್ಲಿ ಆಕೆ ಆರೋಗ್ಯವಂತೆ. ಅತ್ತ ಉರಿಮೂತ್ರವೂ ಕಲ್ಲೂ ಬರುವ ಭಯ ಬೇರೆ. ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದೀಯಾ, ಎಲ್ಲಿಗೆ ಹೋಗುವುದನ್ನು ಬಿಟ್ಟಿದ್ದೀಯಾ, ಹೊಸ ಸ್ಥಳಕ್ಕೆ ಹೋದಾಗ ಮೊದಲು ಶೌಚಾಲಯ ಎಲ್ಲಿದೆಯೆಂದು ಹುಡುಕುತ್ತೀಯಾ ಎಂಬಂಥ ಪ್ರಶ್ನೆಗಳು ದೊಡ್ಡ ಪ್ರಶ್ನಾವಳಿಗಳಲ್ಲಿ ಕೆಲವೆಡೆ ಇವೆ. 1997ರಲ್ಲಿ ಲಂಡನ್ನಿನಲ್ಲಿ ಸಿದ್ಧವಾದ ಕಿಂಗ್ಸ್ ಪ್ರಶ್ನಾವಳಿಯು ನೀರನ್ನು ಮಿತಗೊಳಿಸುವುದನ್ನೂ ಪ್ರಯಾಣಕ್ಕೆ ಆಗುವ ಅಡ್ಡಿಯನ್ನೂ ಕೇಳುತ್ತದೆ. ಅದು ಉದ್ದ, ಹೊರರೋಗಿಗಳ ಸಾಲಿನಲ್ಲಿ ಅಷ್ಟು ಹೊತ್ತು ಯಾರಿಗಿದೆ?

ಮಾತಿನ ತೊಡಕನ್ನು ಇನ್ನೂ ಹೇಳಿಲ್ಲ. ನಮ್ಮೂರಿನಲ್ಲಿ ಲಿಂಗಂಪಲ್ಲಿಗಳು ಎರಡಿವೆಯಷ್ಟೆ. ಕಾಚಿಗೂಡೆಯ ಮಗ್ಗುಲಿನದೊಂದು, ನಗರದ ಪಡುವಣ ತುದಿಯಲ್ಲಿ ರೈಲು ನಿಲ್ದಾಣವುಳ್ಳದ್ದು ಇನ್ನೊಂದು. ನಿಮ್ಮ ಮನೆ ಲಿಂಗಂಪಲ್ಲಿಯಲ್ಲಿಯೇ ಎಂದು ಕೇಳಿದರೆ ಇಬ್ಬರೂ ಹೌದೆನ್ನುವರು, ಇಬ್ಬರೂ ನಿಜವನ್ನೇ ನುಡಿದಿರುವರು, ನೆಂಟನು ಮಾತ್ರ ರಾತ್ರಿ ಹತ್ತು ಗಂಟೆಗೆ ತಪ್ಪು ಬಾಗಿಲನ್ನು ತಟ್ಟುವನು. ಪ್ರಶ್ನಾವಳಿಯ ಕನ್ನಡದಲ್ಲಿಯೂ ಹೀಗಾಗಬಹುದು. ಕೆಮ್ಮಿನ ಬಗೆಯ ಸೋರಿಕೆಗೆ ಇಂಗ್ಲಿಷಿನಲ್ಲಿರುವ ಹೆಸರನ್ನು ಪದಕ್ಕೆ ಪದವಿಟ್ಟು 'ಒತ್ತಡದ ಮೂತ್ರ ಸೋರಿಕೆ' ಎಂದರೆ ನಮ್ಮ ಹೆಂಗಸು ಏನೆಂದುಕೊಳ್ಳುವಳು? ಈಗಿನ ಬಳಕೆಯಲ್ಲಿ ಒತ್ತಡವೆಂದರೆ ಮನಸ್ಸಿನ ಚಿಂತೆ. ನನಗೆ ಮಗಳ ಮದುವೆಯ ಒತ್ತಡವಿದೆ, ಆದರೆ ಅದಕ್ಕಾಗಿ ಹೀಗಾಗುವುದಿಲ್ಲ ಎಂದು ಆಕೆ 'ಇಲ್ಲ' ಎಂಬಲ್ಲಿ ಗುರುತು ಹಾಕುವಳು. ಬರಿಯ 'ಸೋರಿಕೆ' ಎಂದರೆ ಬಿಳಿಸೆರಗೆಂದು ತಿಳಿಯುವವರಿದ್ದಾರೆ. 'ಮೂತ್ರಬಾಧೆ' ಎಂದರೆ ಉರಿಯೋ ನೋವೋ ಎಂಬ ಅರ್ಥ ಮೊದಲು ಹೊಳೆಯುತ್ತದೆ. 'ಜಲಬಾಧೆ' ಎಂಬ ಗೌರವದ ಮಾತು ಪುರಾಣಶ್ರವಣದವರಿಗೆ ಗೊತ್ತು, ಅವರ ಮೊಮ್ಮಕ್ಕಳಿಗೆ ಗೊತ್ತಿಲ್ಲ. 'ಒಂದಕ್ಕೆ ಹೋಗುವುದು' ಎಂಬುದು ಶಾಲೆಯ ಬೆರಳಿನಿಂದ ಹುಟ್ಟಿ ಎಲ್ಲ ಸೀಮೆಗಳಲ್ಲಿಯೂ ನಡೆಯುವ ನಾಣ್ಯ. ಉತ್ತರದವರ 'ಕಾಲ್ಮಡಿ'ಗೆ ದಕ್ಷಿಣದಲ್ಲಿ ಅಷ್ಟು ಬೆಲೆಯಿಲ್ಲ. ಕಲಬುರಗಿ, ಬೀದರ, ರಾಯಚೂರುಗಳಿಂದ ಬಂದವರು, ಉಡುಪಿ ಕುಂದಾಪುರಗಳಿಂದ ಹೋಟೆಲಿಗೆ ಬಂದವರು, ಮೈಸೂರಿನಿಂದ ಬ್ಯಾಂಕು ಕಚೇರಿಗಳಿಗೆ ಬಂದವರು, ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವವರು, ಎಲ್ಲರೂ ಕೂಡಿದ ಸಮಾಜ ನಮ್ಮದು. ಒಂದೇ ಗ್ರಾಂಥಿಕ ಕನ್ನಡದ ಕಾಗದವು ಇವರೆಲ್ಲರನ್ನೂ ಸಮನಾಗಿ ಅಳೆಯುವುದೆಂದು ನಂಬುವುದು ಕಷ್ಟ.

ಸರಿಯಾದ ಭಾಷಾಂತರಕ್ಕೆ ಒಂದು ಕ್ರಮವಿದೆ. ಒಬ್ಬರು ಕನ್ನಡಕ್ಕೆ ತಿರುಗಿಸಬೇಕು. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಎರಡನ್ನೂ ಹೋಲಿಸಿ ತಿದ್ದಬೇಕು. ಅನಂತರ ಕೆಲವರು ಸ್ತ್ರೀಯರ ಮುಂದಿಟ್ಟು, ಈ ಪ್ರಶ್ನೆಯಿಂದ ನಿಮಗೇನು ಅರ್ಥವಾಯಿತೆಂದು ಅವರ ಬಾಯಿಂದಲೇ ಹೇಳಿಸಬೇಕು. ಕೊನೆಯ ಹೆಜ್ಜೆಯೇ ಮುಖ್ಯವೆಂದು ನಮ್ಮ ಮತ. ಪದವು ಸರಿಯಾಗಿದ್ದರೂ ವಸ್ತು ಬೇರೆಯಾಗಬಹುದು. ಕೆಲವು ಕಡೆ ದಿನಕ್ಕೆ ಎಷ್ಟು ಮೆತ್ತೆ ಬದಲಾಯಿಸುವಿರೆಂದು ಕೇಳಿ ಅದರಿಂದ ಬಾಧೆಯನ್ನು ಎಣಿಸುವರು. ಅಂಗಡಿಯ ಮೆತ್ತೆಗೆ ಹಣ ತೆರಬೇಕು. ಹಳೆಯ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಳ್ಳುವವಳು ದಿನವೆಲ್ಲ ಅದೊಂದರಲ್ಲೇ ಕಳೆಯುವಳು; ಎಷ್ಟು ಎಂದರೆ 'ಒಂದು' ಎನ್ನುವಳು. ಲಂಗವೂ ಐದು ಗಜದ ಸೀರೆಯೂ ಎಷ್ಟನ್ನು ಹೀರಿಕೊಂಡಿವೆಯೆಂದು ಕೇಳುವವರಾರು?

ಕಡೆಯದಾಗಿ, ಕೇಳುವವರು ಯಾರು, ಎಲ್ಲಿ ಕೇಳುತ್ತಾರೆ ಎಂಬುದು. ಈ ವಿಷಯದಲ್ಲಿ ನಮ್ಮ ನೆರೆಯಲ್ಲಿಯೇ ಪ್ರಸಿದ್ಧವಾದ ನಿದರ್ಶನವಿದೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್, ಡಾ. ಅಭಯ ಬಂಗ್ ಮತ್ತು ಸಂಗಡಿಗರು ಎರಡು ಹಳ್ಳಿಗಳ 650 ಸ್ತ್ರೀಯರನ್ನು ಕೇಳಿಯೂ ಪರೀಕ್ಷಿಸಿಯೂ 1989ರಲ್ಲಿ ವರದಿ ಪ್ರಕಟಿಸಿದರು. ಅದು ಮೂತ್ರದ ಬಾಧೆಯೊಂದನ್ನೇ ಕುರಿತದ್ದಲ್ಲ, ಸ್ತ್ರೀರೋಗಗಳೆಲ್ಲವನ್ನೂ ಕುರಿತದ್ದು. ತಮಗೆ ತೊಂದರೆಯಿದೆಯೆಂದು ಹೇಳಿದವರು ನೂರಕ್ಕೆ 55. ಪರೀಕ್ಷೆಯಲ್ಲಿ ಒಂದಲ್ಲ ಒಂದು ರೋಗ ಕಂಡುಬಂದವರು 92. ಅದುವರೆಗೆ ಒಮ್ಮೆಯಾದರೂ ಅಂಥ ಪರೀಕ್ಷೆಯಾಗಿದ್ದವರು 8 ಮಾತ್ರ. ಕರ್ನಾಟಕದಲ್ಲಿ ಭಾಟಿಯಾ ಮತ್ತು ಕ್ಲೆಲಂಡ್ ಎಂಬ ವಿದ್ವಾಂಸರು ಎಳೆಯ ಮಕ್ಕಳ ತಾಯಂದಿರಾದ 3,600 ಸ್ತ್ರೀಯರನ್ನು ಪ್ರಶ್ನಿಸಿ 1995ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಮೂವರಲ್ಲಿ ಒಬ್ಬಳಷ್ಟೇ ಇಂಥ ಲಕ್ಷಣವಿದೆಯೆಂದು ಹೇಳಿದ್ದಳು. ಊರು ಬೇರೆ, ರೀತಿ ಬೇರೆ. ಎರಡನ್ನು ಪಕ್ಕಪಕ್ಕದಲ್ಲಿಟ್ಟು ಕಳೆಯುವುದು ನ್ಯಾಯವಲ್ಲ. ಆದರೆ ಬಾಯಿಮಾತಿನ ಲೆಕ್ಕಕ್ಕೂ ಪರೀಕ್ಷೆಯ ಲೆಕ್ಕಕ್ಕೂ ಎಷ್ಟು ಅಂತರವಿರಬಹುದೆಂಬುದಕ್ಕೆ ಗಡಚಿರೋಲಿಯೊಂದೇ ಸಾಕು.

ಹೈದರಾಬಾದಿನ ಆಸ್ಪತ್ರೆಯಲ್ಲಿ ಕನ್ನಡತಿಯ ಸ್ಥಿತಿ ಇನ್ನೊಂದು ಸುತ್ತು ತೊಡಕಿನದು. ಕೇಳುವವರ ಮಾತು ತೆಲುಗು, ಇಲ್ಲವೆ ಹಿಂದಿ, ಉರ್ದು. ಮುಪ್ಪಿನ ತಾಯಿಗೆ ಬರುವುದು ಕನ್ನಡವೊಂದೇ. ಆಗ ದುಭಾಷಿಯಾಗುವವನು ಮಗ. ಪ್ರಶ್ನೆಯನ್ನು ಕೇಳಿ ಅವನ ಕಿವಿಯೇ ಕೆಂಪಾಗುತ್ತದೆ. "ಅಮ್ಮಾ, ಒಂದಕ್ಕೆ ಹೋಗುವುದರಲ್ಲಿ ಏನಾದರೂ ತೊಂದರೆ ಇದೆಯೇ ಅಂತ ಕೇಳುತ್ತಾರೆ" ಎಂದು ತಿರುಗಿಸಿ ಹೇಳುತ್ತಾನೆ. "ಏನೂ ಇಲ್ಲಪ್ಪಾ, ಸರಾಗವಾಗಿಯೇ ಆಗುತ್ತದೆ" ಎನ್ನುತ್ತಾಳೆ ತಾಯಿ. ಸರಾಗವಾಗಿ ಆಗುವುದೇ ರೋಗವೆಂದು ಅವಳಿಗಾಗಲಿ ಅವನಿಗಾಗಲಿ ಹೊಳೆಯುವುದಿಲ್ಲ. ಕಾಗದದ ಮೇಲೆ 0 ಬೀಳುತ್ತದೆ. ಸೊಸೆಯೋ ಮಗಳೋ ಜೊತೆಗಿದ್ದಿದ್ದರೆ 'ಕೆಮ್ಮಿದರೆ ಸೀರೆ ಒದ್ದೆಯಾಗುತ್ತದೇನಮ್ಮಾ' ಎಂದು ಒಂದೇ ಮಾತಿನಲ್ಲಿ ತಿಳಿಯುತ್ತಿತ್ತು. ಅತ್ತೆಗೆ ಸೊಸೆಯ ಮುಂದೆ ಹೇಳಲು ಬಿಗುಮಾನ ಬಂದರೆ, ಅದಕ್ಕೆ ನೆರೆಮನೆಯ ಗೆಳತಿಯೇ ಉತ್ತಮ.

ಪ್ರಶ್ನಾವಳಿಯನ್ನು ತ್ಯಜಿಸಬೇಕೆಂದು ನಾವು ಹೇಳುತ್ತಿಲ್ಲ. ಅದರ ಮೊತ್ತವನ್ನು ಮಾತಿನ ಆರಂಭವೆಂದು ಹಿಡಿಯಬೇಕು, ತೀರ್ಪೆಂದು ಹಿಡಿಯಬಾರದು. ಮೊತ್ತವು ಹೆಚ್ಚಿದ್ದರೆ ನಂಬಬಹುದು. ಇಲ್ಲದುದನ್ನು ಇದೆಯೆಂದು ಹೇಳಿಕೊಂಡು ನಾಚಿಕೆಗೆ ಗುರಿಯಾಗುವ ಹೆಂಗಸರು ಅಪರೂಪ. ಕಡಿಮೆಯಿದ್ದಾಗಲೇ ಇನ್ನೊಮ್ಮೆ ಕೇಳಬೇಕಾದುದು. ಒಂದೇ ಸ್ತ್ರೀಯ ಚಿಕಿತ್ಸೆಗೆ ಮುಂಚಿನ ಮೊತ್ತವನ್ನೂ ಮೂರು ತಿಂಗಳ ತರುವಾಯದ ಮೊತ್ತವನ್ನೂ ಹೋಲಿಸುವುದರಲ್ಲಿ ಈ ಕಾಗದವು ಬಹಳ ಉಪಯುಕ್ತ. ಅಲ್ಲಿ ಕೇಳುವ ಮಾತು ಅದೇ, ಉತ್ತರಿಸುವವಳೂ ಅವಳೇ. ಇಬ್ಬರನ್ನು ಹೋಲಿಸುವಾಗ ಎಚ್ಚರ ಬೇಕು. ಸಕ್ಕರೆ ಕಾಯಿಲೆ, ಮೂತ್ರದ ಸೋಂಕುಗಳನ್ನು ಯಾವ ಪ್ರಶ್ನೆಯೂ ಹಿಡಿಯಲಾರದು. ಅದಕ್ಕೆ ಮೂತ್ರಪರೀಕ್ಷೆ, ರಕ್ತಪರೀಕ್ಷೆ ಆಗಲೇಬೇಕು. ಕಷ್ಟದ ಹೆರಿಗೆಯ ತರುವಾಯ ಹಗಲಿರುಳೂ ಸೋರುತ್ತಿದ್ದರೆ ಅಂಕ ಕೂಡಿಸುತ್ತ ಕೂರದೆ ಆ ದಿನವೇ ತಜ್ಞರ ಬಳಿಗೆ ಹೋಗಬೇಕು.

ಚಿಕಿತ್ಸೆಯಿದೆಯೆಂಬುದನ್ನೂ ಹೇಳಿಬಿಡುತ್ತೇವೆ, ಏಕೆಂದರೆ ಹೆತ್ತವಳಿಗೆ ಇದು ಇದ್ದದ್ದೇ ಎಂಬ ನಂಬಿಕೆಯೇ ಅನೇಕರ ಬಾಯಿ ಕಟ್ಟಿರುವುದು. ಅಮೆರಿಕದ ಕೆಗೆಲ್ ಎಂಬ ವೈದ್ಯರು 1948ರಲ್ಲಿ ವಿವರಿಸಿದ ವ್ಯಾಯಾಮವೇ ಇಂದಿಗೂ ಕೆಮ್ಮಿನ ಬಗೆಯ ಸೋರಿಕೆಗೆ ಮೊದಲ ಮದ್ದು. ಮೂತ್ರವನ್ನು ತಡೆಹಿಡಿಯುವಾಗ ಬಿಗಿಯುವ ಸ್ನಾಯುಗಳನ್ನು ಬಿಗಿದು ಸಡಿಲಿಸುವುದು. ಸಲಕ್ಕೆ ಕನಿಷ್ಠ 8 ಬಾರಿ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಇಡ್ಲಿಯ ಹಬೆ ಏಳುವುದನ್ನು ಕಾಯುತ್ತ ನಿಂತಿರುವಾಗಲೂ ಮಾಡಬಹುದು, ಪಕ್ಕದಲ್ಲಿದ್ದವರಿಗೂ ತಿಳಿಯದು. ಬಿಗಿಯುವ ಸ್ನಾಯು ಯಾವುದೆಂಬುದನ್ನು ಮಾತ್ರ ಒಮ್ಮೆ ದಾದಿಯಿಂದಲೋ ವೈದ್ಯೆಯಿಂದಲೋ ಕಲಿಯುವುದು ಒಳ್ಳೆಯದು, ಎಷ್ಟೋ ಮಂದಿ ಹೊಟ್ಟೆಯನ್ನೇ ಬಿಗಿಯುತ್ತಾರೆ.

ಆಸ್ಪತ್ರೆಗೆ ಹೋಗುವ ಮುನ್ನ ಮೂರು ದಿನ ಒಂದು ಚೀಟಿ ಬರೆದಿಡುವ ಪದ್ಧತಿಯುಂಟು. ಎಷ್ಟು ಹೊತ್ತಿಗೆ ಎಷ್ಟು ಲೋಟ ನೀರು, ಕಾಫಿ, ಮಜ್ಜಿಗೆ. ಎಷ್ಟು ಹೊತ್ತಿಗೆ ಒಂದಕ್ಕೆ ಹೋದದ್ದು. ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಳು. ನಾಲ್ಕು ವಾರಗಳ ನೆನಪಿಗಿಂತ ಮೂರು ದಿನಗಳ ಬರಹ ನಂಬತಕ್ಕದ್ದು. ತಿಂಗಳ ಕೊನೆಯಲ್ಲಿ ನೆನಪಿನಿಂದ ಬರೆದ ಲೆಕ್ಕವನ್ನು ಯಾವ ಗುಮಾಸ್ತನೂ ಒಪ್ಪುವುದಿಲ್ಲವಷ್ಟೆ. ಅಕ್ಷರ ಬಾರದವಳು ಗೋಡೆಯ ಪಂಚಾಂಗದಲ್ಲಿ ಗೀಟು ಎಳೆದರೂ ನಡೆಯುತ್ತದೆ. ಆ ಚೀಟಿಯಲ್ಲಿ ನೀರಿನ ಲೋಟಗಳು ಎರಡೋ ಮೂರೋ ಎಂದು ಕಂಡರೆ, ಪ್ರಶ್ನಾವಳಿಯ 0 ಎಂಬುದರ ಅರ್ಥ ವೈದ್ಯರಿಗೆ ತಾನೇ ತಿಳಿಯುತ್ತದೆ.

ಕರೆದುಕೊಂಡು ಹೋಗುವ ಗಂಡಸರಲ್ಲಿ ಒಂದು ವಿಜ್ಞಾಪನೆ. ಕಾಗದ ತುಂಬಿಸುವ ಹೊತ್ತಿಗೆ, ಕನ್ನಡ ಬಲ್ಲ ದಾದಿಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿರಿ. ಇಲ್ಲದಿದ್ದರೆ ಜೊತೆಗೆ ಬಂದ ಹೆಂಗಸನ್ನು ಒಳಗೆ ಕಳುಹಿಸಿ, ನೀವು ಹೊರಗಿನ ಬೆಂಚಿನ ಮೇಲೆ ಕುಳಿತಿರಿ. ಬೇಸರವಾದರೆ ಪತ್ರಿಕೆ ಓದಬಹುದು. ಇದೇ ಪತ್ರಿಕೆಯಾದರೂ ನಮ್ಮ ಆಕ್ಷೇಪವಿಲ್ಲ.